ಮಣಿರತ್ನಂ ಎದುರಿನ ಕುರ್ಚಿ

2025ರ ಜೂನ್ 5ರಂದು, ಮಣಿರತ್ನಂ ನಿರ್ದೇಶಿಸಿ ಕಮಲ್ ಹಾಸನ್ ನಾಯಕನಾದ ತಮಿಳು ಚಿತ್ರ ‘ಥಗ್ ಲೈಫ್’ ಕರ್ನಾಟಕವೊಂದನ್ನು ಬಿಟ್ಟು ದೇಶದ ಉಳಿದೆಡೆ ತೆರೆಕಂಡಿತು. ಮೇ 24ರಂದು ಚೆನ್ನೈನಲ್ಲಿ ನಡೆದ ಚಿತ್ರದ ಹಾಡುಗಳ ಬಿಡುಗಡೆ ಸಮಾರಂಭದಲ್ಲಿ ಕಮಲ್ ಹಾಸನ್ ಅವರು ಅತಿಥಿಯಾಗಿ ಬಂದಿದ್ದ ಶಿವರಾಜ್‌ಕುಮಾರ್ ಅವರನ್ನು ಉದ್ದೇಶಿಸಿ, ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂಬರ್ಥದ ಮಾತಾಡಿದ್ದರು. ಕ್ಷಮೆ ಕೇಳಿ ಎಂದರೆ ಕೇಳಲಿಲ್ಲ. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಚಿತ್ರದ ಬಿಡುಗಡೆಗೆ ಒಪ್ಪಲಿಲ್ಲ. ವಿಷಯ ಹೈಕೋರ್ಟಿಗೆ ಹೋಯಿತು, ಅಲ್ಲಿ ನ್ಯಾಯಮೂರ್ತಿಗಳೇ ಕ್ಷಮೆಯ ಮಾತೆತ್ತಿದರು. ಸುಪ್ರೀಂ ಕೋರ್ಟ್ ಮಾತ್ರ ಜೂನ್ 17ರಂದು, ಸೆನ್ಸಾರ್ ಆದ ಚಿತ್ರವನ್ನು ಬೆದರಿಕೆಯಿಂದ ತಡೆಯುವಂತಿಲ್ಲ ಎಂದು ಖಡಕ್ಕಾಗಿ ಹೇಳಿತು. ಎರಡು ದಿನಗಳ ಬಳಿಕ ರಾಜ್ಯ ಸರ್ಕಾರ ರಕ್ಷಣೆಯ ಭರವಸೆ ಕೊಟ್ಟಿತು, ಪ್ರಕರಣ ಮುಗಿಯಿತು. ಅಷ್ಟರಲ್ಲಿ ಚಿತ್ರವೂ ಮುಗಿದಿತ್ತು.

ಭಾಷೆಯ ವಿಚಾರವನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತೇನೆ. ಕನ್ನಡವೂ ತಮಿಳೂ ಮೂಲ ದಕ್ಷಿಣ ದ್ರಾವಿಡ ಎಂಬ ಒಂದೇ ಬಸಿರಿನಿಂದ ಬಂದವು ಎಂಬುದು ಭಾಷಾಶಾಸ್ತ್ರಜ್ಞರ ಮಾತು. ಹಾಗಾಗಿ ಅವು ಅಕ್ಕತಂಗಿಯರು, ತಾಯಿಮಗಳಲ್ಲ. ಕಮಲ್ ತಪ್ಪು ಹೇಳಿದರು. ಆದರೆ ಆ ತಪ್ಪು ಮಾತಿನಿಂದಲೇ ಚಿತ್ರ ಮುಳುಗಿತು ಎಂದು ನಾವು ಹೆಮ್ಮೆಪಟ್ಟುಕೊಳ್ಳಬೇಕಾಗಿಲ್ಲ. ಮುಳುಗಿಸಿದವರು ತಮಿಳುನಾಡಿನ ಪ್ರೇಕ್ಷಕರು. ಮೊದಲ ವಾರಾಂತ್ಯ ದಾಟುವುದರೊಳಗೆ ಅಲ್ಲಿನ ಚಿತ್ರಮಂದಿರಗಳೂ ಖಾಲಿ ಹೊಡೆಯತೊಡಗಿದ್ದವು.

ಗದ್ದಲದಲ್ಲಿ ಒಂದು ಪ್ರಶ್ನೆ ಹಿಂದೆ ಸರಿಯಿತು. ‘ನಾಯಗನ್’ ಮಾಡಿದ ಜೋಡಿ ಮೂವತ್ತೆಂಟು ವರ್ಷಗಳ ಮೇಲೆ ಮತ್ತೆ ಒಂದಾಗಿ, ಕೈಗೆಟಕುವ ಎಲ್ಲ ಸೌಲಭ್ಯ ಇಟ್ಟುಕೊಂಡು, ಇಷ್ಟು ಬಡಕಲು ಚಿತ್ರ ಮಾಡಿದ್ದು ಹೇಗೆ? ಮಣಿರತ್ನಂ ಅವರಿಗೆ ವಯಸ್ಸಾಯಿತು ಎಂದವರಿದ್ದಾರೆ. ಅವರು 1956ರಲ್ಲಿ ಹುಟ್ಟಿದವರು, ವಯಸ್ಸಾಗಿದೆ ನಿಜ. ಆದರೆ ಇದಕ್ಕೆ ಮೂರೇ ವರ್ಷ ಹಿಂದೆ, 2022ರಲ್ಲಿ, ಆ ಸಾಲಿನ ಅತಿ ಹೆಚ್ಚು ಗಳಿಕೆಯ ತಮಿಳು ಚಿತ್ರ ‘ಪೊನ್ನಿಯಿನ್ ಸೆಲ್ವನ್’ ಕೊಟ್ಟವರೂ ಅವರೇ. ಕಾಲ ಬದಲಾಯಿತು, ‘ಬಾಹುಬಲಿ’, ‘ಕೆಜಿಎಫ್’ ಬಂದ ಮೇಲೆ ಪ್ರೇಕ್ಷಕರ ನಾಲಿಗೆ ಕೆಟ್ಟಿತು ಎನ್ನುವವರೂ ಇದ್ದಾರೆ. ಅದೂ ಅರ್ಧ ಸತ್ಯವೇ. ನನ್ನ ಅನುಮಾನ ಬೇರೆ. ಮಣಿರತ್ನಂ ಅವರ ಏಳುಬೀಳುಗಳನ್ನು ಅರಿಯಬೇಕಾದರೆ ಅವರನ್ನಷ್ಟೇ ನೋಡಿದರೆ ಸಾಲದು. ಕಥೆ ಬರೆಯುವ ಮೇಜಿನಲ್ಲಿ ಅವರ ಎದುರಿನ ಕುರ್ಚಿಯಲ್ಲಿ ಯಾರಿದ್ದರು ಎಂಬುದನ್ನೂ ನೋಡಬೇಕು.

ಆ ಮೇಜು ಮೊದಲು ಬಿದ್ದದ್ದು ಕನ್ನಡದಲ್ಲಿ. ಮದುರೈಯಲ್ಲಿ ಹುಟ್ಟಿ, ಮುಂಬೈನ ಜಮ್ನಾಲಾಲ್ ಬಜಾಜ್ ಸಂಸ್ಥೆಯಲ್ಲಿ ಎಂಬಿಎ ಓದಿ, ಸಲಹೆಗಾರನ ಕೆಲಸದಲ್ಲಿದ್ದ ಯುವಕ ಸಿನಿಮಾಕ್ಕೆ ಇಳಿದದ್ದು ಬಿ.ಆರ್. ಪಂತುಲು ಅವರ ಮಗ ರವಿಶಂಕರ್ ಎಂಬ ಗೆಳೆಯನ ಕನ್ನಡ ಚಿತ್ರಕ್ಕೆ ಕೈಜೋಡಿಸಲೆಂದು. ಆಫೀಸಿಗೆ ರಜೆ ಹಾಕಿ ಬಂದು ‘ಬಂಗಾರದ ಗಣಿ’ಯ ಚಿತ್ರಕಥೆಗೆ ಕುಳಿತರು, ಚಿತ್ರೀಕರಣಕ್ಕೆಂದು ಕೋಲಾರಕ್ಕೂ ಹೋದರು. ವಿಷ್ಣುವರ್ಧನ್, ಅಂಬರೀಷ್, ಶ್ರೀನಾಥ್, ಲಕ್ಷ್ಮಿ, ಇಷ್ಟು ಜನ ಇದ್ದರೂ ಆ ಚಿತ್ರ ನಡುವೆಯೇ ನಿಂತಿತು. ಆದರೆ ಅಲ್ಲಿ ಲಕ್ಷ್ಮಿ ಅವರಿಗೆ ಹೇಳಿದ್ದ ಇನ್ನೊಂದು ಕಥೆ ಉಳಿಯಿತು.

ಆ ಕಥೆಗೆ ಹಣ ಹಾಕಲು ಒಪ್ಪಿದವರು ವೀನಸ್ ಕೃಷ್ಣಮೂರ್ತಿ, ಸಂಬಂಧದಲ್ಲಿ ಮಾವ. ಸಂಬಂಧ ಎಷ್ಟೇ ಇದ್ದರೂ ಲೆಕ್ಕ ಲೆಕ್ಕವೇ. ಕಡಿಮೆ ಖರ್ಚಿನಲ್ಲಿ ಮುಗಿಸಬೇಕು, ಕನ್ನಡದಲ್ಲಿ ತೆಗೆಯಬೇಕು ಎಂಬ ಷರತ್ತು ಬಂತು. ಹುಡುಗ ಒಪ್ಪಿಕೊಂಡ. ಹೀಗೆ 1983ರಲ್ಲಿ ಬಂದದ್ದು ‘ಪಲ್ಲವಿ ಅನುಪಲ್ಲವಿ’. ನಾಯಕ ಅನಿಲ್ ಕಪೂರ್ ಆಗ ಹಿಂದಿಯಲ್ಲಿ ಇನ್ನೂ ಕಾಲೂರದ ಹುಡುಗ. (ಆತ ಅದಕ್ಕೂ ಮುಂಚೆ ನಾಯಕನಾಗಿದ್ದು ಭೈರಪ್ಪನವರ ‘ವಂಶವೃಕ್ಷ’ವನ್ನು ಬಾಪು ತೆಲುಗಿನಲ್ಲಿ ತೆಗೆದಾಗ. ಕನ್ನಡದ ಋಣ ಎಲ್ಲೆಲ್ಲೋ ಇರುತ್ತದೆ.) ಕ್ಯಾಮೆರಾ ಬಾಲು ಮಹೇಂದ್ರ, ಸಂಕಲನ ಬಿ. ಲೆನಿನ್, ಸಂಗೀತ ಇಳಯರಾಜ, ಕಲೆ ತೋಟ ತರಣಿ. ಮೊದಲ ಚಿತ್ರ, ಕೈಯಲ್ಲಿ ಕಾಸಿಲ್ಲ, ಕೆಲಸ ಕಲಿತ ಅನುಭವವೂ ಇಲ್ಲ. ಆದರೂ ಆ ಕಾಲಕ್ಕೆ ದಕ್ಷಿಣದಲ್ಲಿ ಸಿಗಬಹುದಾದ ಅತ್ಯುತ್ತಮರನ್ನು ಕೇಳಿ ಒಪ್ಪಿಸಿ ಕರೆತಂದಿದ್ದರು. ಇಳಯರಾಜ ತಮ್ಮ ಮಾಮೂಲಿ ಸಂಭಾವನೆಯ ಸಣ್ಣದೊಂದು ಪಾಲಿಗೆ ಒಪ್ಪಿದರು. ಮ್ಯಾನೇಜ್‌ಮೆಂಟ್ ಓದಿದ್ದು ದಂಡವಾಗಲಿಲ್ಲ.

ಪ್ರೇಯಸಿ ಇರುವ ಯುವಕನೊಬ್ಬ, ಗಂಡನಿಂದ ದೂರವಾಗಿ ಮಗುವಿನೊಡನೆ ಬದುಕುತ್ತಿರುವ, ತನಗಿಂತ ಹಿರಿಯಳಾದ ಹೆಣ್ಣಿನ ಗೆಳೆಯನಾಗುತ್ತಾನೆ. ಊರು ಬಾಯಿಗೆ ಬಂದಂತೆ ಆಡಿಕೊಳ್ಳುತ್ತದೆ. ಕಥೆ ಇಷ್ಟೇ. ಕರ್ನಾಟಕ ಸರ್ಕಾರ ಅದಕ್ಕೆ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಕೊಟ್ಟಿತು. ಆ ಬಳಿಕ ಅವರು ಕನ್ನಡದಲ್ಲಿ ಚಿತ್ರ ಮಾಡಲಿಲ್ಲ. ಮುಂದಿನ ದಿನಗಳಲ್ಲಿ ಅವರ ಚಿತ್ರಗಳು ಹಿಂದಿಯಲ್ಲಿ, ತೆಲುಗಿನಲ್ಲಿ ಮಾತಾಡಿದವು, ಕನ್ನಡದಲ್ಲಿ ಮಾತ್ರ ಬಹುಕಾಲ ಆಡಲಿಲ್ಲ. ನಮ್ಮಲ್ಲಿ ಡಬ್ಬಿಂಗ್‌ಗೆ ಹಾಕಿದ್ದ ಬೇಲಿಯನ್ನು 2015ರಲ್ಲಿ ಸ್ಪರ್ಧಾ ಆಯೋಗ ಕಿತ್ತುಹಾಕುವವರೆಗೆ ಕನ್ನಡಿಗರು ಮಣಿರತ್ನಂ ಅವರನ್ನು ನೋಡಿದ್ದು ತಮಿಳಿನಲ್ಲೇ, ಅರ್ಥವಾದಷ್ಟು.

ಅಂದಿನಿಂದ ಇಂದಿನವರೆಗೆ ಅವರ ಚಿತ್ರಗಳ ಒಂದು ಭಾಗ ಕೆಟ್ಟದ್ದೇ ಇಲ್ಲ. ನಲವತ್ತೆರಡು ವರ್ಷಗಳಲ್ಲಿ ಅವರು ಕೆಲಸ ಮಾಡಿದ್ದು ಇಬ್ಬರೇ ಸಂಗೀತ ನಿರ್ದೇಶಕರ ಜೊತೆ. ‘ಪಲ್ಲವಿ ಅನುಪಲ್ಲವಿ’ಯಿಂದ 1991ರ ‘ದಳಪತಿ’ವರೆಗೆ ಹತ್ತು ಚಿತ್ರ ಇಳಯರಾಜ. 1992ರ ‘ರೋಜಾ’ದಿಂದ ಇಂದಿನವರೆಗೆ ರೆಹಮಾನ್. ‘ರೋಜಾ’ ಬಂದಾಗ ರೆಹಮಾನ್ ಜಾಹೀರಾತುಗಳಿಗೆ ತುಣುಕು ಸಂಗೀತ ಮಾಡಿಕೊಂಡಿದ್ದ ಇಪ್ಪತ್ತೈದರ ಹುಡುಗ. ಮೊದಲ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ. ಕ್ಯಾಮೆರಾದ ಹಿಂದೆ ಬಾಲು ಮಹೇಂದ್ರ, ಪಿ.ಸಿ. ಶ್ರೀರಾಮ್, ಸಂತೋಷ್ ಶಿವನ್, ರಾಜೀವ್ ಮೆನನ್, ರವಿ ಕೆ. ಚಂದ್ರನ್, ರವಿವರ್ಮನ್ ಒಬ್ಬರಾದ ಮೇಲೆ ಒಬ್ಬರು ಬಂದರು. ‘ದಳಪತಿ’ಗೆ ಮೇಲುಕೋಟೆಯ ರಾಯಗೋಪುರವನ್ನು ಬೆಳಗಿಸಿದ ಕಣ್ಣು, ‘ಬಾಂಬೆ’ಗಾಗಿ ಕಾಸರಗೋಡಿನ ಬೇಕಲ ಕೋಟೆಯ ಮಳೆಯನ್ನು ಹಿಡಿದ ಕಣ್ಣು ಬೇರೆಬೇರೆ ಜನರದ್ದು. ಆದರೆ ಎರಡನ್ನೂ ಆರಿಸಿದ ರುಚಿ ಒಬ್ಬರದೇ. ಸೋತ ಚಿತ್ರಗಳಲ್ಲೂ ಹಾಡು ಚೆನ್ನಾಗಿರುತ್ತದೆ, ನೆರಳು ಬೆಳಕು ಚೆನ್ನಾಗಿರುತ್ತದೆ. ‘ಕಡಲ್’ ಸೋತಿತು, ಅದರ ಹಾಡುಗಳು ಇವತ್ತಿಗೂ ಮನೆಮನೆಯಲ್ಲಿವೆ. ಹಾಗಾದರೆ ಸಡಿಲವಾದ ಕೀಲು ಬೇರೆಲ್ಲೋ ಇರಬೇಕು.

ಅದು ಬರವಣಿಗೆಯಲ್ಲಿದೆ. ಮಣಿರತ್ನಂ ಬರೆಯುವ ಮಾತು ತೀರ ಮೊಟಕು, ಒಂದು ಸಾಲಿಗೆ ಮೂರು ನಾಲ್ಕು ಪದ. ತಮಿಳು ಚಿತ್ರರಂಗ ದ್ರಾವಿಡ ಚಳವಳಿಯ ವಾಗ್ಝರಿಯಲ್ಲಿ ಬೆಳೆದದ್ದು. ನಾಯಕ ಬಾಯಿ ತೆರೆದರೆ ಭಾಷಣ, ತಾಯಿ ಅತ್ತರೆ ಪದ್ಯ ಎಂಬಂತಿದ್ದ ಕಡೆ ಈ ಪಿಸುಮಾತು ಬಂದಾಗ ಜನ ಬೆಚ್ಚಿದರು, ಆಮೇಲೆ ಒಲಿದರು, ಆಮೇಲೆ ಗೇಲಿ ಮಾಡಿದರು. ಕತ್ತಲಲ್ಲಿ ನಿಂತು ಎರಡು ಪದ ಗೊಣಗಿದರೆ ಮಣಿರತ್ನಂ ಚಿತ್ರ ಎಂಬ ನಗೆಹನಿ ಚೆನ್ನೈನಲ್ಲಿ ಬಹಳ ಹಳೆಯದು.

ಮನೆಯೊಳಗಿನ ಕಥೆಗೆ ಈ ಮಾತು ಹೇಳಿ ಮಾಡಿಸಿದಂತಿದೆ. 1986ರ ‘ಮೌನ ರಾಗಂ’ನಲ್ಲಿ ಹೊಸದಾಗಿ ಮದುವೆಯಾದ ಗಂಡ, ನಿನಗೇನು ಉಡುಗೊರೆ ಬೇಕು ಎಂದು ಕೇಳುತ್ತಾನೆ. ವಿಚ್ಛೇದನ ಬೇಕು ಎನ್ನುತ್ತಾಳೆ ಹೆಂಡತಿ. ಅಲ್ಲಿ ನಾಲ್ಕನೆಯ ಪದ ಹೆಚ್ಚಾಗುತ್ತಿತ್ತು. 2000ದ ‘ಅಲೈಪಾಯುದೇ’ಯಲ್ಲಿ ಗುಟ್ಟಾಗಿ ಮದುವೆಯಾಗಿ ಅವರವರ ಮನೆಗೆ ವಾಪಸಾಗುವ ಜೋಡಿ, 2015ರ ‘ಓ ಕಾದಲ್ ಕಣ್ಮಣಿ’ಯ ಮದುವೆಯೇ ಬೇಡವೆನ್ನುವ ಜೋಡಿ, ಇವೆಲ್ಲ ಎರಡು ಕೋಣೆಯ ಲೋಕಗಳು. ಗಂಡಹೆಂಡಿರ ನಡುವೆ ಅರ್ಧ ಮಾತು ಮೌನದಲ್ಲೇ ನಡೆಯುತ್ತದೆ. ಇಂಥ ಕಡೆ ಮಣಿರತ್ನಂ ಅವರಿಗೆ ಎದುರು ಕುರ್ಚಿಯ ಹಂಗಿಲ್ಲ. ಒಬ್ಬರೇ ಕುಳಿತು ಬರೆದರೂ ಸಾಗುತ್ತದೆ.

ಕಥೆ ಮನೆಯ ಹೊಸಿಲು ದಾಟಿ ಬೀದಿಗೆ, ಊರಿಗೆ, ಗಡಿಗೆ ಬಂದಾಗ ಕಷ್ಟ ಶುರು. ಬೀದಿಯ ಜನ ಮೂರು ಪದದಲ್ಲಿ ಮಾತಾಡುವುದಿಲ್ಲ. ಅವರಿಗೆ ಕಸುಬಿದೆ, ಜಾತಿಯಿದೆ, ಸಾಲವಿದೆ, ಬೈಗುಳವಿದೆ. ಧಾರಾವಿಯ ಕಥೆಯಾದ ‘ನಾಯಗನ್’ಗೆ ಸಂಭಾಷಣೆ ಬರೆದವರು ಬಾಲಕುಮಾರನ್, ಜನಪ್ರಿಯ ಕಾದಂಬರಿಕಾರ, ಸಾಮಾನ್ಯರ ಮಾತಿನ ಲಯ ಬಲ್ಲವರು. ಧಾರಾವಿಯ ಗಲ್ಲಿಗಳನ್ನು ತೋಟ ತರಣಿ ಮದರಾಸಿನ ಸ್ಟುಡಿಯೊದಲ್ಲಿ ಕಟ್ಟಿದರು. ಅದು ಧಾರಾವಿಯೇ ಎಂದು ನಾವು ನಂಬಿದ್ದರಲ್ಲಿ ಅರ್ಧ ಪಾಲು ಆ ಮಾತುಗಳದ್ದು. ನೀವು ಒಳ್ಳೆಯವರಾ, ಕೆಟ್ಟವರಾ ಎಂದು ಮೊಮ್ಮಗ ಕೇಳುವ ಪ್ರಶ್ನೆ ತಮಿಳಿನಲ್ಲಿ ಗಾದೆಯೇ ಆಗಿಹೋಗಿದೆ. ‘ಗಾಡ್‌ಫಾದರ್’ನ ನೆರಳು ಆ ಚಿತ್ರದ ಮೇಲೆ ಇದೆ, ಇಲ್ಲವೆನ್ನುವುದು ಹಟವಾಗುತ್ತದೆ. ಆದರೆ ಆ ನೆರಳು ಬಿದ್ದ ನೆಲ ಇಲ್ಲಿಯದು. ಕಮಲ್, ಪಿ.ಸಿ. ಶ್ರೀರಾಮ್, ತರಣಿ ಮೂವರಿಗೂ ರಾಷ್ಟ್ರಪ್ರಶಸ್ತಿ ಬಂತು. ಬಾಲಕುಮಾರನ್ ಹೆಸರು ಹಿಂದೆ ಉಳಿಯಿತು. ಬರಹಗಾರರ ಹಣೆಬರಹ ಎಲ್ಲ ಭಾಷೆಯಲ್ಲೂ ಹೀಗೆಯೇ.

‘ದಳಪತಿ’ಯ ಹೊತ್ತಿಗೆ ಎದುರು ಕುರ್ಚಿಯಲ್ಲಿ ಕುಳಿತದ್ದು ವ್ಯಾಸರು. ಕರ್ಣನಾಗಿ ರಜನಿಕಾಂತ್, ದುರ್ಯೋಧನನಾಗಿ ಮಮ್ಮೂಟ್ಟಿ, ಜಿಲ್ಲಾಧಿಕಾರಿಯಾಗಿ ಬರುವ ಅರ್ಜುನ. ಪಂಪನಿಂದ ಕುಮಾರವ್ಯಾಸನವರೆಗೆ ಕರ್ಣನನ್ನು ಮನೆಯವನಂತೆ ಕಂಡ ನಮಗೆ ಆ ಚಿತ್ರ ಹೆಚ್ಚು ವಿವರಣೆ ಬೇಡದೆ ಒಳಗಿಳಿಯುತ್ತದೆ. ಕೊನೆಯಲ್ಲಿ ಕರ್ಣನನ್ನು ಉಳಿಸಿ ದುರ್ಯೋಧನನನ್ನು ಸಾಯಿಸಿದ್ದು ಕಥೆಯ ಒತ್ತಡವೋ ತಾರೆಯ ಒತ್ತಡವೋ, ನನಗಂತೂ ಅಲ್ಲಿ ಚಿತ್ರ ಒಂದು ಮೆಟ್ಟಿಲು ಇಳಿದಂತೆ ಅನಿಸುತ್ತದೆ.

ಈಗ ಅಸಲು ಮನುಷ್ಯನ ಬಳಿಗೆ ಬರೋಣ. ಬೆಂಗಳೂರಿನ ಓದುಗರು ಇವರನ್ನು ತಿಳಿದಿರಬೇಕು. ಎಸ್. ರಂಗರಾಜನ್ ಶ್ರೀರಂಗದಲ್ಲಿ ಬೆಳೆದ ಎಂಜಿನಿಯರ್. ಬದುಕಿನ ಬಹುಪಾಲು ಉದ್ಯೋಗ ಮಾಡಿದ್ದು ಬೆಂಗಳೂರಿನ ಬಿಇಎಲ್‌ನಲ್ಲಿ. ನಾವು ಇಂದು ಗುಂಡಿ ಒತ್ತುವ ಮತಯಂತ್ರವನ್ನು ಅಲ್ಲಿ ರೂಪಿಸಿದವರಲ್ಲಿ ಅವರೂ ಒಬ್ಬರು. ಹಗಲು ಜಾಲಹಳ್ಳಿಯಲ್ಲಿ ಯಂತ್ರ, ರಾತ್ರಿ ಮನೆಯಲ್ಲಿ ತಮಿಳು ಕಥೆ. ಅದೇ ಹೆಸರಿನ ಇನ್ನೊಬ್ಬ ಬರಹಗಾರರು ಆಗಲೇ ಇದ್ದುದರಿಂದ ಹೆಂಡತಿಯ ಹೆಸರನ್ನು ಎರವಲು ಪಡೆದು ‘ಸುಜಾತಾ’ ಆದರು. ಪತ್ತೇದಾರಿ, ವಿಜ್ಞಾನ ಕಥೆ, ನಾಟಕ, ಅಂಕಣ ಹೀಗೆ ಅವರು ಬರೆಯದ ಪ್ರಕಾರವಿಲ್ಲ. ತಮಿಳು ಗದ್ಯದ ಹೊಟ್ಟೆಯ ಕೊಬ್ಬು ಕರಗಿಸಿದವರು ಎಂದು ಅಲ್ಲಿಯ ಓದುಗರು ಅವರನ್ನು ನೆನೆಯುತ್ತಾರೆ.

ಮಣಿರತ್ನಂ ಅವರ ಮೊಟಕು ಮಾತಿಗೂ ಸುಜಾತಾ ಅವರ ಚುರುಕು ಮಾತಿಗೂ ಗಂಟು ಬಿದ್ದದ್ದು ಸಹಜವೇ. ಆದರೆ ವ್ಯತ್ಯಾಸವೂ ಇತ್ತು. ಮಣಿರತ್ನಂ ಮಾತು ಚಿಕ್ಕದಾಗುವುದು ಹೇಳದೆ ಬಿಡುವುದರಿಂದ. ಸುಜಾತಾ ಅವರ ಮಾತು ಚಿಕ್ಕದಾಗುವುದು ತಿಳಿದದ್ದನ್ನೆಲ್ಲ ಒಂದು ಸಾಲಿಗೆ ಒತ್ತುವುದರಿಂದ. ಅವರ ಪಾತ್ರಗಳು ಕುಹಕವಾಡುತ್ತವೆ, ಲೆಕ್ಕ ಹಾಕುತ್ತವೆ, ಊಟದ ಬಗ್ಗೆ ತಕರಾರು ತೆಗೆಯುತ್ತವೆ. ‘ರೋಜಾ’, ‘ಕನ್ನತ್ತಿಲ್ ಮುತ್ತಮಿಟ್ಟಾಲ್’, ‘ಆಯುಧ ಎಳುತ್ತು’ ಮುಂತಾದ ಚಿತ್ರಗಳಲ್ಲಿ ಈ ಗುಣ ಬೆರೆಯಿತು.

‘ಕನ್ನತ್ತಿಲ್ ಮುತ್ತಮಿಟ್ಟಾಲ್’ 2002ರದ್ದು. ಒಂಬತ್ತನೆಯ ಹುಟ್ಟುಹಬ್ಬದ ದಿನ ಹುಡುಗಿಗೆ ತಾನು ದತ್ತುಮಗಳು ಎಂದು ತಿಳಿಯುತ್ತದೆ. ಹೆತ್ತ ತಾಯಿ ಶ್ರೀಲಂಕಾದಲ್ಲಿ, ಬಂದೂಕು ಹಿಡಿದವರ ನಡುವೆ. ಸಾಕಿದ ತಂದೆತಾಯಿ ಮಗಳನ್ನು ಕರೆದುಕೊಂಡು ಯುದ್ಧದ ನಡುವೆ ಹೋಗುತ್ತಾರೆ. ಮೂಲ ಸುಜಾತಾ ಅವರ ಸಣ್ಣಕಥೆ. ಚಿತ್ರದಲ್ಲಿ ಸಾಕುತಂದೆ ಒಬ್ಬ ಎಂಜಿನಿಯರ್, ಹೆಂಡತಿಯ ಹೆಸರಿನಲ್ಲಿ ಕಥೆ ಬರೆಯುವವನು. ತಮಿಳು ಪ್ರೇಕ್ಷಕರು ಇದನ್ನು ನೋಡಿ ನಕ್ಕಿರಬೇಕು. ಕೊನೆಗೆ ತಾಯಿ ಮಗಳು ಎದುರಾದಾಗ ಮಗು ಪ್ರಶ್ನೆ ಕೇಳುತ್ತ ಹೋಗುತ್ತದೆ, ತಾಯಿಯ ಬಳಿ ಉತ್ತರವಿಲ್ಲ. ಸುತ್ತ ಗುಂಡಿನ ಸದ್ದು. ಆ ಇಡೀ ದೃಶ್ಯದಲ್ಲಿ ಯಾರೂ ದೇಶದ ಬಗ್ಗೆ, ಕ್ರಾಂತಿಯ ಬಗ್ಗೆ ಭಾಷಣ ಮಾಡುವುದಿಲ್ಲ. ಆದರೂ ಒಂದು ಯುದ್ಧ ಮನೆಯೊಂದಕ್ಕೆ ಏನು ಮಾಡುತ್ತದೆ ಎಂಬುದು ಅಲ್ಲಿದೆ. ಮನೆಯ ಕಥೆ ಮಣಿರತ್ನಂ ಅವರದ್ದು, ಹೊಸಿಲಾಚೆಯ ಲೋಕ ಸುಜಾತಾ ಅವರದ್ದು ಎಂದು ಗೆರೆ ಎಳೆಯುವುದು ನನ್ನ ಊಹೆ ಅಷ್ಟೇ. ಆರು ರಾಷ್ಟ್ರಪ್ರಶಸ್ತಿ ಪಡೆದ ಆ ಚಿತ್ರವನ್ನು ನೋಡಿದವರು ಈ ಊಹೆಯನ್ನು ಸುಲಭವಾಗಿ ತಳ್ಳಿಹಾಕಲಾರರು.

ಸುಜಾತಾ ಇದ್ದ ಮಾತ್ರಕ್ಕೆ ಎಲ್ಲ ಸರಿಯಿತ್ತು ಎಂದಲ್ಲ. ‘ರೋಜಾ’ವನ್ನು ದೇಶವೇ ಕೊಂಡಾಡುತ್ತಿದ್ದಾಗ ಅದರ ದೇಶಪ್ರೇಮವನ್ನು ಅನುಮಾನಿಸಿ 1994ರಲ್ಲಿ ಬರೆದವರು ತೇಜಸ್ವಿನಿ ನಿರಂಜನ, ನಮ್ಮ ನಿರಂಜನ–ಅನುಪಮಾ ದಂಪತಿಯ ಮಗಳು. ಒಂದಾಗಿಸುತ್ತಿರುವುದು ಯಾರ ದೇಶವನ್ನು ಎಂಬುದು ಆ ಲೇಖನದ ಪ್ರಶ್ನೆ. ಕಾಶ್ಮೀರದ ಹಿಮ, ನಗರದ ವಿದ್ಯಾವಂತ ನಾಯಕ, ಸುಡುತ್ತಿರುವ ಬಾವುಟದ ಮೇಲೆ ಬೀಳುವ ಅವನ ದೇಹ, ನಮಾಜು ಮಾಡುವ ಉಗ್ರ, ಈ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಆ ಪ್ರಶ್ನೆ ಏಕೆ ಹುಟ್ಟಿತೆಂದು ಅರ್ಥವಾಗುತ್ತದೆ. ಮೂವತ್ತು ವರ್ಷ ಕಳೆದ ಮೇಲೆ, ದೇಶಪ್ರೇಮವೇ ಸಿನಿಮಾದ ದೊಡ್ಡ ಸರಕಾಗಿರುವ ಈಗ, ಅದು ಇನ್ನಷ್ಟು ಚುಚ್ಚುತ್ತದೆ. ‘ರೋಜಾ’ ಆಗಿ ಮೂರು ವರ್ಷಗಳ ಬಳಿಕ ಬಂದ ‘ಬಾಂಬೆ’ ಎರಡೂ ಕಡೆಯ ಬೆಂಕಿಯನ್ನು ತಕ್ಕಡಿಯಲ್ಲಿಟ್ಟು ತೂಗಿತು. ಅದಕ್ಕೆ ಸಿಕ್ಕ ಬಹುಮಾನಗಳಲ್ಲಿ 1995ರ ಜುಲೈಯಲ್ಲಿ ಅವರ ಚೆನ್ನೈ ಮನೆಯ ಮೇಲೆ ಬಿದ್ದ ಬಾಂಬೂ ಒಂದು. ಗಾಯಗೊಂಡರು, ಚೇತರಿಸಿಕೊಂಡರು, ‘ಇರುವರ್’ಗೆ ಕೈಹಾಕಿದರು.

‘ಇರುವರ್’ ನನ್ನ ವಾದಕ್ಕೆ ತೊಡಕಿನ ಚಿತ್ರ. ಎಂಜಿಆರ್ ಮತ್ತು ಕರುಣಾನಿಧಿ ಅವರ ಸ್ನೇಹ, ವೈರ. ಎದುರು ಕುರ್ಚಿಯಲ್ಲಿ ಮಡದಿ, ನಟಿ ಸುಹಾಸಿನಿ. ‘ಬಂಧನ’ದಿಂದ ನಮಗೂ ಬೇಕಾದವರು. ಚಿತ್ರ 1997ರ ಸಂಕ್ರಾಂತಿಗೆ ಬಂದು ಸದ್ದಿಲ್ಲದೆ ಹೋಯಿತು. ಇವತ್ತು ವಿಮರ್ಶಕರು ಅವರ ಅತ್ಯುತ್ತಮ ಚಿತ್ರ ಯಾವುದೆಂದರೆ ಇದರ ಹೆಸರನ್ನೇ ಎತ್ತುತ್ತಾರೆ. ನಾನೂ ಅದೇ ಗುಂಪಿನವನು. ಬೆಂಗಳೂರಿನ ರಂಗಭೂಮಿಯಿಂದ ಹೋದ ಪ್ರಕಾಶ್ ರೈ ಅದರಲ್ಲಿ ಕವಿ ರಾಜಕಾರಣಿಯಾಗಿ ನಿಂತ ನಿಲುವಿಗೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿ ಮಾತು ಮೊಟಕಲ್ಲ, ಪದ್ಯವಿದೆ, ಭಾಷಣವಿದೆ. ದ್ರಾವಿಡ ರಾಜಕಾರಣದ ಕಥೆಯನ್ನು ಪಿಸುಮಾತಿನಲ್ಲಿ ಹೇಳಲಾಗದು ಎಂಬುದು ಅವರಿಗೆ ಗೊತ್ತಿತ್ತು. ವಿಷಯವೇ ಅವರ ಎದುರಿಗೆ ಕುಳಿತು ಜಗಳವಾಡಿತು ಎನ್ನಬಹುದೇನೋ.

2008ರ ಫೆಬ್ರವರಿಯಲ್ಲಿ ಸುಜಾತಾ ತೀರಿಕೊಂಡರು. ಆಮೇಲಿನ ಪಟ್ಟಿ ನೋಡಿ. 2010ರ ‘ರಾವಣನ್’ ರಾಮಾಯಣವನ್ನು ಕಾಡಿಗೆ ಒಯ್ದಿತು. ಒಂದೇ ಏಟಿಗೆ ತಮಿಳು, ಹಿಂದಿ ಎರಡರಲ್ಲೂ ಚಿತ್ರೀಕರಣ. ವಿಕ್ರಮ್ ತಮಿಳಿನಲ್ಲಿ ರಾವಣ, ಹಿಂದಿಯಲ್ಲಿ ರಾಮ. ನೋಡಲು ಅದ್ಭುತ, ಆದರೆ ಆ ಕಾಡಿನ ಜನ ಯಾರು, ಯಾವ ಭಾಷೆಯವರು, ಯಾರ ಮೇಲೆ ಅವರ ಸಿಟ್ಟು ಎಂಬುದು ಕೊನೆಗೂ ತಿಳಿಯುವುದಿಲ್ಲ. ಎರಡು ಭಾಷೆಗೆ ಹೊಂದುವಂತೆ ಹೊಲಿದ ಅಂಗಿ ಯಾರ ಮೈಗೂ ಸರಿಯಾಗಿ ಕೂರಲಿಲ್ಲ. 2017ರ ‘ಕಾಟ್ರು ವೆಳಿಯಿಡೈ’ಯಲ್ಲಿ ಕಾರ್ಗಿಲ್ ಯುದ್ಧದ ಪೈಲಟ್, ಪಾಕಿಸ್ತಾನದ ಜೈಲು, ಪ್ರೇಯಸಿಯ ಮೇಲೆ ಅವನ ದಬ್ಬಾಳಿಕೆ ಎಲ್ಲ ಇದ್ದವು. ಪ್ರೇಮದ ಭಾಗ ಉಸಿರಾಡಿತು, ಯುದ್ಧದ ಭಾಗ ಗೋಡೆಗೆ ಅಂಟಿಸಿದ ಚಿತ್ರದಂತೆ ಉಳಿಯಿತು. ಹೊಸಿಲಿನ ಒಳಗೆ ಮತ್ತು ಹೊರಗೆ ಎಂದು ನಾನು ಹೇಳಿದ್ದು ಇದನ್ನೇ.

ನನ್ನ ವಾದಕ್ಕೆ ಏಟು ಹಾಕುವವು ಎರಡಿವೆ. 2013ರ ‘ಕಡಲ್’ನ ಎದುರು ಕುರ್ಚಿಯಲ್ಲಿ ಜಯಮೋಹನ್ ಇದ್ದರು, ತಮಿಳಿನ ಬಹುದೊಡ್ಡ ಕಾದಂಬರಿಕಾರ. ಆದರೂ ಚಿತ್ರ ನೆಲಕಚ್ಚಿತು. ಮೀನುಗಾರರ ಊರು, ಚರ್ಚು, ಸೈತಾನ, ದೇವರು ಎಲ್ಲವನ್ನೂ ಎರಡೂಮುಕ್ಕಾಲು ಗಂಟೆಯೊಳಗೆ ತುರುಕಲು ಹೋದಾಗ ಬರಹಗಾರ ನಿರ್ದೇಶಕರನ್ನು ತಡೆಯುವ ಬದಲು ಅವರೊಡನೆ ಸೇರಿ ಓಡಿದಂತಿದೆ. ಕುರ್ಚಿ ತುಂಬಿದರೆ ಸಾಲದು, ಬೇಡ ಎನ್ನುವ ಬಾಯಿಯೂ ಬೇಕು. ಇನ್ನೊಂದು, 2018ರ ‘ಚೆಕ್ಕ ಚಿವಂದ ವಾನಂ’. ಶಿವ ಆನಂದ್ ಜೊತೆ ಕೂತು ಬರೆದದ್ದು, ಗೆದ್ದಿತು. ಆದರೆ ಅದನ್ನು ಬೀದಿಯ ಕಥೆ ಎನ್ನಲಾರೆ. ಪಿಸ್ತೂಲು ಹಿಡಿದಿದ್ದರೂ ಅದು ಅಪ್ಪನ ಆಸ್ತಿಗೆ ಕಚ್ಚಾಡುವ ಮೂವರು ಗಂಡುಮಕ್ಕಳ ಮನೆಯ ಕಥೆ.

ಸುಜಾತಾ ಅವರ ಜಾಗ ಖಾಲಿಯಾದದ್ದನ್ನು ಅನುಭವಿಸಿದವರು ಮಣಿರತ್ನಂ ಒಬ್ಬರೇ ಅಲ್ಲ. ಶಂಕರ್ ಅವರನ್ನು ನೋಡಿ. ‘ಇಂಡಿಯನ್’, ‘ಮುದಲ್ವನ್’, ‘ಅನ್ನಿಯನ್’, ‘ಶಿವಾಜಿ’, ಎಲ್ಲಕ್ಕೂ ಮಾತು ಸುಜಾತಾ ಅವರದ್ದು. 2024ರ ‘ಇಂ‌ಡಿಯನ್ 2’ರಲ್ಲಿ ಅದೇ ಮುದುಕ, ಅದೇ ಲಂಚದ ಕಥೆ, ಅದೇ ನಟ. ಚಿತ್ರಮಂದಿರದಲ್ಲಿ ಜನ ನಗಬಾರದ ಕಡೆ ನಕ್ಕರು. ಇಬ್ಬರು ದೊಡ್ಡ ನಿರ್ದೇಶಕರ ದಾರಿ ಒಬ್ಬ ಬರಹಗಾರನ ಸಾವಿನ ಬಳಿಕ ಹೀಗೆ ಇಳಿಜಾರಾದದ್ದು ಕಾಕತಾಳೀಯವೇ ಇರಬಹುದು. ನನಗೆ ಹಾಗನಿಸುವುದಿಲ್ಲ.

ಹಾಗಾದರೆ ‘ಪೊನ್ನಿಯಿನ್ ಸೆಲ್ವನ್’ ಗೆದ್ದದ್ದು ಹೇಗೆ? ಅಲ್ಲಿ ಎದುರು ಕುರ್ಚಿಯಲ್ಲಿ ಮೂಲ ಕಾದಂಬರಿಕಾರ ಕಲ್ಕಿ ಕುಳಿತಿದ್ದರು. 1950ರಿಂದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಐದು ಸಂಪುಟಗಳಾಗಿ ನಿಂತು, ಮೂರು ತಲೆಮಾರಿನ ತಮಿಳರು ಬಾಯಿಪಾಠ ಮಾಡಿಕೊಂಡ ಕಾದಂಬರಿ. ಎಂಜಿಆರ್ ತೆಗೆಯಬೇಕೆಂದು ಕನಸು ಕಂಡು ಬಿಟ್ಟದ್ದು, ಸ್ವತಃ ಮಣಿರತ್ನಂ ಹಿಂದೆ ಕೈಹಾಕಿ ಹಣಕ್ಕೆ ಹೆದರಿ ಹಿಂದೆಗೆದದ್ದು. ಇಂಥ ಪುಸ್ತಕದ ಮುಂದೆ ನಿರ್ದೇಶಕ ತನ್ನ ಇಷ್ಟದಂತೆ ನಡೆಯಲಾಗದು, ಪ್ರತಿ ಪಾತ್ರಕ್ಕೂ ಲಕ್ಷಾಂತರ ಕಾವಲುಗಾರರಿದ್ದಾರೆ. ಜೊತೆಗೆ ಸಂಭಾಷಣೆಗೆ ಜಯಮೋಹನ್, ಚಿತ್ರಕಥೆಗೆ ಕಲ್ಕಿಯನ್ನು ರಂಗದ ಮೇಲೆ ತಂದು ಪಳಗಿದ್ದ ಇಳಂಗೋ ಕುಮಾರವೇಲ್. ಎರಡನೆಯ ಭಾಗ ಕಲ್ಕಿಯಿಂದ ದೂರ ಸರಿದಷ್ಟೂ ಗಳಿಕೆಯೂ ಕಡಿಮೆಯಾಯಿತು. (ಆರಂಭದಲ್ಲೇ ಚೋಳರ ಕೈಯಲ್ಲಿ ರಾಷ್ಟ್ರಕೂಟರು ಸೋಲುವ ಕಾಳಗವಿದೆ. 949ರಲ್ಲಿ ತಕ್ಕೋಲಂನಲ್ಲಿ ಚೋಳ ರಾಜಕುಮಾರನನ್ನು ಆನೆಯ ಮೇಲೆಯೇ ಮುಗಿಸಿದ ಕಥೆಯನ್ನು ನಮ್ಮ ಆತಕೂರಿನ ಶಾಸನದ ಕಲ್ಲು ಹೇಳುತ್ತದೆ. ಅದನ್ನು ಸಿನಿಮಾ ಮಾಡುವವರು ಇನ್ನೂ ಹುಟ್ಟಿಲ್ಲ.)

ಇಷ್ಟಾದ ಮೇಲೆ ‘ಥಗ್ ಲೈಫ್’. ಬರವಣಿಗೆಯಲ್ಲಿ ಎರಡು ಹೆಸರು: ಮಣಿರತ್ನಂ, ಕಮಲ್ ಹಾಸನ್. ನಿರ್ಮಾಪಕರ ಸಾಲಿನಲ್ಲೂ ಆ ಎರಡು ಹೆಸರುಗಳಿವೆ. 1983ರಲ್ಲಿ ಮಾವನಾಗಿಯೂ ಷರತ್ತು ಹಾಕಿದವರಿದ್ದರು. 1987ರಲ್ಲಿ ‘ನಾಯಗನ್’ಗೆ ಖರ್ಚಿನ ಲೆಕ್ಕ ಕೇಳುವ ನಿರ್ಮಾಪಕ ಮುಕ್ತಾ ಶ್ರೀನಿವಾಸನ್ ಇದ್ದರು, ಮಾತು ಬರೆಯಲು ಬಾಲಕುಮಾರನ್ ಇದ್ದರು. 2025ರಲ್ಲಿ ಎದುರು ಕುರ್ಚಿಯಲ್ಲಿ ಕುಳಿತದ್ದು ಚಿತ್ರದ ನಾಯಕನೇ, ಹಣ ಹಾಕುವವನೂ ಅವನೇ. ಇಬ್ಬರಿಗೂ ಇನ್ನೊಬ್ಬರ ಮೇಲೆ ಅಪಾರ ಗೌರವ. ಗೌರವ ಹೆಚ್ಚಿದ ಕಡೆ ಚಿತ್ರಕಥೆ ಸೊರಗುತ್ತದೆ.

ತೆರೆಯ ಮೇಲೆ ಅದು ಕಾಣುತ್ತದೆ. ನಾಯಕನ ಹೆಸರು ಶಕ್ತಿವೇಲ್ ನಾಯಕರ್, ‘ನಾಯಗನ್’ನ ವೇಲು ನಾಯಕರನ ನೆನಪು ತರಲೆಂದೇ ಇಟ್ಟದ್ದು. ಆದರೆ ವೇಲು ನಾಯಕರನಿಗೆ ಧಾರಾವಿ ಇತ್ತು, ಅವನ ಬಾಗಿಲಲ್ಲಿ ಸಾಲು ನಿಂತ ಬಡವರಿದ್ದರು. ಈ ಶಕ್ತಿವೇಲನಿಗೆ ದಿಲ್ಲಿ ಇದೆ, ದಿಲ್ಲಿಯಲ್ಲಿ ಅವನ ಜನ ಯಾರೂ ಇಲ್ಲ. ಅವನು ಯಾವ ದಂಧೆಯಿಂದ ಬದುಕುತ್ತಾನೆ, ಯಾರಿಗೆ ಅವನು ಬೇಕು ಎಂದು ಕೇಳಿದರೆ ಚಿತ್ರ ಮುಖ ತಿರುಗಿಸುತ್ತದೆ. ಪೊಲೀಸರ ಗುಂಡಿನ ನಡುವೆ ಮಗುವೊಂದನ್ನು ಗುರಾಣಿ ಮಾಡಿಕೊಂಡು ತಪ್ಪಿಸಿಕೊಂಡು, ಅದೇ ಮಗುವನ್ನು ಸಾಕುತ್ತಾನೆ ಎಂಬ ಆರಂಭದಲ್ಲಿ ಒಂದು ದೊಡ್ಡ ಕಥೆಯ ಬೀಜವಿದೆ. ಸಾಕಿದವನ ಪಾಪಪ್ರಜ್ಞೆ, ಸಾಕಿಸಿಕೊಂಡವನ ಅನುಮಾನ. ‘ಕನ್ನತ್ತಿಲ್’ನಲ್ಲಿ ಇಂಥದೇ ಬೀಜವನ್ನು ಮರವಾಗಿಸಿದ್ದ ಕೈ ಇಲ್ಲಿ ಅದನ್ನು ಬಿಟ್ಟು, ಹಿಮದಲ್ಲಿ ಬಿದ್ದು ಎದ್ದು ಬಂದು ಒಬ್ಬೊಬ್ಬರನ್ನೇ ಹೊಡೆಯುವ ಮುದುಕನ ಬೆನ್ನು ಹತ್ತಿತು. ತ್ರಿಷಾ ಅವರ ಪಾತ್ರ ಯಾಕಿದೆ ಎಂದು ಕೇಳಲು ಯಾರಾದರೊಬ್ಬರು ಆ ಮೇಜಿನಲ್ಲಿ ಇರಬೇಕಾಗಿತ್ತು.

ತಮಿಳಿನ ಮುಂದಿನ ತಲೆಮಾರಿಗೆ ಇದು ತಿಳಿಯದ ಗುಟ್ಟೇನೂ ಅಲ್ಲ. ವೆಟ್ರಿಮಾರನ್ ‘ವಿಸಾರಣೈ’ಗೆ ಆಟೋ ಓಡಿಸುತ್ತಿದ್ದ ಚಂದ್ರಕುಮಾರ್ ತಾವೇ ಅನುಭವಿಸಿದ ಲಾಕಪ್ಪಿನ ಕಥೆಗೆ ಹೋದರು, ‘ಅಸುರನ್’ಗೆ ಪೂಮಣಿ ಅವರ ‘ವೆಕ್ಕೈ’ ಕಾದಂಬರಿಗೆ, ‘ವಿಡುದಲೈ’ಗೆ ಜಯಮೋಹನ್ ಅವರ ಸಣ್ಣಕಥೆಗೆ. ಬೀದಿಯ ಮಾತು ತಮ್ಮ ಕಿವಿಗೆ ಸಿಕ್ಕದ ಕಡೆ ಕೇಳಿಸಿಕೊಂಡವರ ಬಳಿ ಹೋಗಿ ಕುಳಿತರು. ‘ನಾಯಗನ್’ ಕಾಲದ ಮಣಿರತ್ನಂ ಮಾಡಿದ್ದೂ ಇದನ್ನೇ ಅಲ್ಲವೇ?

ಜುಲೈ 3ರಂದು, ಚಿತ್ರಮಂದಿರಕ್ಕೆ ಬಂದು ನಾಲ್ಕು ವಾರ ತುಂಬುವ ದಿನ, ‘ಥಗ್ ಲೈಫ್’ ನೆಟ್‌ಫ್ಲಿಕ್ಸ್‌ಗೆ ಬಂತು. ಹಾಗೆಯೇ ಕರ್ನಾಟಕದ ಮನೆಗಳಿಗೂ ಬಂತು. ಒಂದು ತಿಂಗಳ ಹಿಂದೆ ಅದರ ಹೆಸರೆತ್ತಿದರೆ ಕೆಂಡವಾಗುತ್ತಿದ್ದ ನನ್ನ ಗೆಳೆಯರಲ್ಲಿ ಯಾರೂ ಅದು ಬಂದಿದ್ದನ್ನು ಗಮನಿಸಿರಲಿಲ್ಲ. ನಾನು ಮೊಬೈಲ್‌ನಲ್ಲಿ ಎರಡು ಕಂತಿನಲ್ಲಿ ನೋಡಿ ಮುಗಿಸಿದೆ. ಎರಡನೆಯ ಕಂತಿನಲ್ಲಿ ಹಾಡುಗಳನ್ನು ಬಿಟ್ಟು ಉಳಿದದ್ದನ್ನು ಓಡಿಸಿಕೊಂಡು ನೋಡಿದೆ.